ನೋಡದೆ ಬರೆದ ಸೊನ್ನೆಗಳು

ನೀಲವ್ವನ ಕೈ ಮುರಿದದ್ದು ನನ್ನಿಂದ. ಆಸ್ಪತ್ರೆಯ ಕಾಗದದಲ್ಲಿ ನೆಲ ಒದ್ದೆಯಿತ್ತು, ಬೆಂಚು ಜಾರಿತು ಎಂದು ಬರೆದಿದ್ದಾರೆ. ನೆಲ ಒದ್ದೆಯಿತ್ತು, ಅದು ಖರೆ. ಮಳೆಗಾಲದಲ್ಲಿ ಗೋವೆಯ ಯಾವ ನೆಲ ಒಣಗಿರುತ್ತದೆ? ಆದರೆ ಅವಳು ಯಾಕೆ ಬೆಂಚು ಹತ್ತಿದಳು, ಏನು ಕಂಡರೆ ಓಡುತ್ತಾಳೆ ಎಂಬುದು ಆ ವಾರ್ಡಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ಅದನ್ನು ಯಾರಿಗೂ ಹೇಳದೆ, ಕಾಗದದ ಮೇಲೆ ಸಾಲಾಗಿ ಸೊನ್ನೆ ಬರೆದಿಟ್ಟು ಚಹಾ ಕುಡಿಯಲು ಹೋಗಿದ್ದಳು.

ಇದನ್ನು ನಾನು ಮರೆತಿರಲಿಲ್ಲ, ದಿನಾ ನೆನೆಯುತ್ತಲೂ ಇರಲಿಲ್ಲ. ಈ ಜೂನ್‌ನಲ್ಲಿ ಮೊಮ್ಮಗಳು ಶಬೀನಾಳನ್ನು ನರ್ಸಿಂಗ್ ಕಾಲೇಜಿನವರು ತರಬೇತಿಗೆಂದು ಅದೇ ಆಸ್ಪತ್ರೆಗೆ ಹಾಕಿದರು. ಫೋಂಡಾದಿಂದ ಬಸ್ಸು ಹಿಡಿದು ಗುಡ್ಡದ ತಿರುವಿನಲ್ಲಿ ಇಳಿಯಬೇಕು. ಮೊದಲ ದಿನ ದಾರಿ ತೋರಿಸಲು ನಾನೂ ಹೋದೆ. ಹೆಂಗಸರ ವಾರ್ಡಿನ ಬಾಗಿಲಿಗೆ ಬರುತ್ತಲೇ ಮೂಗಿಗೆ ಹೊಡೆಯಿತು: ಫಿನೈಲು, ಒಣಗದ ಹಾಸಿಗೆಯ ಮುಗ್ಗಲು, ಅದರ ಮೇಲೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಕೆಲಸ ಬಿಟ್ಟು ನಾಲ್ಕು ವರ್ಷವಾಗಿದೆ. ಮೂಗಿಗೆ ಅದು ಗೊತ್ತಿರಲಿಲ್ಲ.

ಶಬೀನಾ ಒಳಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ಒಂದು ಹಲಗೆಯನ್ನು ತೆಗೆದುಕೊಂಡು ಬಾಗಿಲಿಗೆ ಬಂದಳು. ಅದಕ್ಕೆ ಸಿಕ್ಕಿಸಿದ ಹಾಳೆಯ ತುಂಬ ಸಣ್ಣ ಸಣ್ಣ ಮನೆಗಳು.

"ನಾನೀ, ಇಲ್ಲೆ ನೋಡು. ಸುಮ್ಮನಿದ್ರ ಸೊನ್ನಿ, ಓಡ್ಯಾಡಿದ್ರ ಗೆರಿ, ಹೊಡ್ಯಾಕ ಬಂದ್ರ ಕತ್ತರಿ ಗುರುತು, ಕಟ್ಟಿದ್ರ ತ್ರಿಕೋನ. ಮತ್ತ ಇದು ಚುಕ್ಕಿ. ನೋಡಿಲ್ಲ ಅಂದ್ರ ಚುಕ್ಕಿ ಇಡಬೇಕಂತ. ನೋಡದ ಇದ್ದದ್ದನ್ನೂ ಬರೀಬೇಕಂತ, ಹುಚ್ಚರು."

"ಇಲ್ಲೆ ನಿಂತು ಹುಚ್ಚರು ಅನಬ್ಯಾಡ," ಎಂದೆ. "ಚುಕ್ಕಿ ಇಡು ಅಂದ್ರ ಇಡು."

ಅವಳು ನಕ್ಕು ಒಳಗೆ ಹೋದಳು. ನಾನು ಬಸ್ ಸ್ಟಾಪಿನ ತಗಡಿನ ಕೆಳಗೆ ಕೂತೆ. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಐದು ಮಳೆಗಾಲದ ಹಿಂದೆ ಆ ಹಾಳೆಯಲ್ಲಿ ಚುಕ್ಕಿ ಇರಲಿಲ್ಲ.

ನನ್ನ ಹೆಸರು ಖಾಸಿಂಬಿ. ಹುಟ್ಟಿದ್ದು ಇಂಡಿ ಕಡೆಯ ಹಳ್ಳಿ, ಓದಿದ್ದು ಕನ್ನಡ ಶಾಲೆಯ ಮೂರನೇ ಇಯತ್ತೆ. ಗಂಡ ಫೋಂಡಾದ ಲಾರಿ ಅಡ್ಡೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ಹೋದ ಮೇಲೆ ನಾನು ಈ ಆಸ್ಪತ್ರೆಗೆ ಸೇರಿದೆ. ಅದರ ಹೆಸರು ಬರೆಯುವುದಿಲ್ಲ. ಮನಸ್ಸು ಕೆಟ್ಟವರಿಗಾಗಿ ಇರುವ ಖಾಸಗಿ ಆಸ್ಪತ್ರೆ ಎಂದರೆ ಸಾಕು. ಆಯಾಗಳನ್ನು ಇಲ್ಲಿ ಮಾವಶಿ ಎನ್ನುತ್ತಾರೆ. ಮಾವಶಿಯ ಕೆಲಸವೆಂದರೆ ಮೀಯಿಸುವುದು, ಉಣಿಸುವುದು, ಹೇನು ತೆಗೆಯುವುದು, ಹೇಲು ಬಳಿಯುವುದು. ಮತ್ತೆ ಕಟ್ಟುವುದು.

ಕಟ್ಟುವುದರಲ್ಲಿ ನನ್ನ ಕೈ ಚಲೋ ಇತ್ತು. ಹಳೆಯ ಚಾದರ ಹರಿದು ನಾಲ್ಕು ಬೆರಳು ಅಗಲದ ಪಟ್ಟಿ ಮಾಡಿ ಅಂಚು ಹೊಲಿದು ಇಡುತ್ತಿದ್ದೆ. ಗಂಟು ಗಂಡನಿಂದ ಕಲಿತದ್ದು. ಲಾರಿಯ ಮೇಲಿನ ಮಾಲು ಅಲ್ಲಾಡಬಾರದು, ಹಗ್ಗ ಚೀಲವನ್ನು ಕೊರೆಯಬಾರದು. ಅದೇ ಗಂಟನ್ನು ಹೆಂಗಸರ ಮಣಿಕಟ್ಟಿಗೆ ಹಾಕಿ ಮಂಚದ ಸರಳಿಗೆ ಬಿಗಿಯುತ್ತಿದ್ದೆ. ಖಾಸಿಂಬಿ ಕಟ್ಟಿದರೆ ಚರ್ಮ ಕೆಂಪಾಗುವುದಿಲ್ಲ ಎಂದು ಮೇಟ್ರನ್ ಹೊಸ ಮಾವಶಿಯರಿಗೆ ನನ್ನನ್ನು ತೋರಿಸುತ್ತಿದ್ದರು. ನನಗೆ ಹೆಮ್ಮೆಯೂ ಆಗುತ್ತಿತ್ತು. ಡಾಕ್ಟರು ಬರೆದುಕೊಟ್ಟರೆ ಮಾತ್ರ ಕಟ್ಟಬೇಕು ಎಂಬ ನಿಯಮವೇನೋ ಇತ್ತು. ಡಾಕ್ಟರು ಬರುವುದು ಬೆಳಗ್ಗೆ, ಗಲಾಟೆ ಆಗುವುದು ಮಧ್ಯಾಹ್ನ. ಮೊದಲು ಕಟ್ಟಿ ಆಮೇಲೆ ಬರೆಸಿಕೊಳ್ಳುವುದು ರೂಢಿಯಾಗಿತ್ತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಸಿಸ್ಟರ್ ಸುಪ್ರಿಯಾ ಬಂದರು. ವಾಳಪೈ ಕಡೆಯ ಹುಡುಗಿ. ಗಡಿಯ ಊರು, ಅಪ್ಪನ ಅಂಗಡಿಗೆ ನಮ್ಮ ಜನ ಬರುತ್ತಿದ್ದರಂತೆ, ಅವರಿಂದ ನಮ್ಮ ಕನ್ನಡವೇ ಬಾಯಿಗೆ ಬಂದಿತ್ತು. ನರ್ಸಿಂಗಿನಲ್ಲಿ ದೊಡ್ಡ ಓದು ಓದುತ್ತಿದ್ದರು. ವಾರಕ್ಕೆ ಎರಡು ದಿನ ಕಾಲೇಜಿಗೆ ಹೋಗುತ್ತಿದ್ದರು. ಆ ಓದಿಗೆ ಒಂದು ಸಂಶೋಧನೆ ಮಾಡಿ ತೋರಿಸಬೇಕಿತ್ತು. ಬೇರೆ ಊರಿನ ಆಸ್ಪತ್ರೆಗಳಲ್ಲಿ ಕಟ್ಟುವುದನ್ನು ಕಡಿಮೆ ಮಾಡಿದ್ದಾರಂತೆ, ಹೇಗೆ ಮಾಡಿದರು ಎಂದು ಬರೆದೂ ಇಟ್ಟಿದ್ದಾರಂತೆ. ಅದು ನಮ್ಮ ವಾರ್ಡಿನಲ್ಲಿ ಆಗುತ್ತದೋ ಇಲ್ಲವೋ ಮೂರು ತಿಂಗಳು ನೋಡಬೇಕು ಎಂಬುದು ಅವರ ವಿಚಾರ. ದೊಡ್ಡ ಡಾಕ್ಟರ ಒಪ್ಪಿಗೆ, ಮನೆಯವರ ಸಹಿ ಎಲ್ಲ ತಂದಿದ್ದರು.

ಮೊದಲ ದಿನ ಮಾವಶಿಯರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಯಾರೂ ಸುಮ್ಮಸುಮ್ಮನ ಹೊಡ್ಯಾಕ ಬರಂಗಿಲ್ಲ. ಅದಕ್ಕೂ ಮೊದಲ ಏನರ ಆಗಿರತೈತಿ. ಅದು ಏನು ಅಂತ ತಿಳದ್ರ ಕಟ್ಟೂ ಪ್ರಸಂಗನ ಬರಂಗಿಲ್ಲ. ಅರ್ಧ ತಾಸಿಗೊಮ್ಮೆ ಹೋಗಿ ನೋಡ್ರಿ, ಒಂದ ಗುರುತು ಹಾಕ್ರಿ. ನಿಮಗ ಅನಿಸಿದ್ದು ಬ್ಯಾಡ, ಕಂಡದ್ದು ಹಾಕ್ರಿ."

ನನ್ನ ಜೊತೆ ಕೆಲಸ ಮಾಡುವ ರುಕ್ಮವ್ವ ಗದಗಿನ ಕಡೆಯವಳು, ಬಾಯಿ ಜೋರು. "ಕಂಡದ್ದೆಲ್ಲಾ ಬರದ್ರ ನಿಮ್ಮ ಹಾಳಿ ಸಾಲಂಗಿಲ್ರಿ ಸಿಸ್ಟರ," ಎಂದಳು. "ಪೇಶಂಟರ ಬಿಸ್ಕೀಟ ಯಾರ ಚೀಲಕ್ಕ ಹೋಗ್ತಾವು ಅನ್ನೋದನ್ನೂ ಕಂಡೇವಿ."

"ಅದಕ್ಕ ಬ್ಯಾರೆ ಹಾಳಿ ಮಾಡೋಣು," ಎಂದರು ಸಿಸ್ಟರ್. ನಾವೆಲ್ಲ ನಕ್ಕೆವು. ಆ ಹುಡುಗಿ ಆವತ್ತೇ ನನಗೆ ಹಿಡಿಸಿದಳು.

ಹಾಳೆಯ ಕೊನೆಗೆ ಒಂದು ಉದ್ದನೆಯ ಮನೆ ಇತ್ತು. ಕತ್ತರಿ ಗುರುತು ಹಾಕಿದರೆ, ಅದಕ್ಕೂ ಮೊದಲು ಏನಾಯಿತು ಎಂದು ಅಲ್ಲಿ ಬರೆಯಬೇಕು. "ಕನ್ನಡದಾಗ ಬರೀರಿ ಮಾವಶಿ, ನಾ ಓದ್ತೇನಿ," ಎಂದು ನನಗೆ ಬೇರೆಯಾಗಿ ಹೇಳಿದರು. ಆ ಮನೆ ಖಾಲಿಯೇ ಉಳಿಯಿತು.

ಮೇಟ್ರನ್ನಿಗೆ ಇದು ಹಿಡಿಸಿರಲಿಲ್ಲ. ಅವರು ಕೆಟ್ಟವರಲ್ಲ. ಹಿಂದೊಮ್ಮೆ ಕಟ್ಟದೆ ಬಿಟ್ಟ ಒಬ್ಬಳು ಮಹಡಿಯಿಂದ ಹಾರಿ ಸತ್ತಿದ್ದಳು, ಅವಳನ್ನು ಎತ್ತಿಕೊಂಡು ಬಂದವರು ಇವರೇ. ಆವತ್ತಿನಿಂದ ಅವರ ಕೈ ಬೇಗ ಪಟ್ಟಿಗೆ ಹೋಗುತ್ತಿತ್ತು. ಅವರು ಮಾತಾಡುವುದು ಕೊಂಕಣಿ, ನಾನು ಅದನ್ನು ಕನ್ನಡ ಮಾಡಿ ಬರೆಯುತ್ತೇನೆ. "ಮೂರು ತಿಂಗಳು ಪಟ್ಟಿಗಳು ನನ್ನ ಕಪಾಟಿನಲ್ಲಿ ಇರುತ್ತವೆ," ಎಂದರು. "ಯಾರಿಗಾದರೂ ಪೆಟ್ಟಾದ ದಿನ ಹೊರಗೆ ಬರುತ್ತವೆ."

ಮೊದಲ ವಾರ ನಾನು ಸರಿಯಾಗಿ ಮಾಡಿದೆ. ಗಡಿಯಾರ ನೋಡುವುದು, ಒಬ್ಬೊಬ್ಬರ ಮಂಚಕ್ಕೆ ಹೋಗುವುದು, ಗುರುತು ಹಾಕುವುದು. ಎರಡನೇ ವಾರ ಬೇಸರ ಬಂತು. ನೆಲ ಒರೆಸುತ್ತಿರುತ್ತೇನೆ, ಕೈ ಒದ್ದೆ, ಅರ್ಧ ತಾಸಾಗಿರುತ್ತದೆ. ಮಧ್ಯಾಹ್ನದ್ದನ್ನು ಊಟಕ್ಕೆ ಮೊದಲೇ ಬರೆದಿಟ್ಟರೆ ನಡೆಯುತ್ತದೆ ಎಂದು ರುಕ್ಮವ್ವ ಕಲಿಸಿದಳು ಎನ್ನಬಹುದು. ಆದರೆ ಅವಳು ಕಲಿಸಲಿಲ್ಲ, ನಾನೇ ಕಲಿತೆ. ಬಿಟ್ಟುಹೋದವನ್ನು ಸಂಜೆ ಒಟ್ಟಿಗೆ ತುಂಬುತ್ತಿದ್ದೆ, ಬರಬೇಕಾದವನ್ನು ಮುಂಚೆಯೇ ತುಂಬುತ್ತಿದ್ದೆ. ಸೊನ್ನೆ ಬರೆಯಲು ಓದು ಬೇಡ. ರೊಟ್ಟಿ ತಟ್ಟಿದ ಕೈ, ದುಂಡಗೆ ಬರುತ್ತಿದ್ದವು.

ನೀಲವ್ವ ಬಂದದ್ದು ಆ ಎರಡನೇ ವಾರದಲ್ಲೇ. ರೋಣದ ಕಡೆಯವಳು, ಮೂವತ್ತೈದರ ಆಸುಪಾಸು. ಗಂಡನ ಜೊತೆ ಫೋಂಡಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಕಟ್ಟಡದ ಮೇಲಿನಿಂದ ಬಿದ್ದು ಸತ್ತಿದ್ದ. ಅದಾದ ಮೇಲೆ ಇವಳು ನಿದ್ದೆ ಬಿಟ್ಟಳು, ಉಣ್ಣುವುದು ಬಿಟ್ಟಳು, ರಸ್ತೆಯ ನಡುವೆ ನಿಂತು ಮೇಲೆ ನೋಡುತ್ತಿದ್ದಳಂತೆ. ಶೆಡ್ಡಿನ ಜನ ಕರೆತಂದು ಸೇರಿಸಿ ಹೋದರು. ವಾರ್ಡಿನ ಬೇರೆ ರೋಗಿಗಳದ್ದೆಲ್ಲ ಕೊಂಕಣಿ, ಹಿಂದಿ. ಅವಳಿಗೆ ಎರಡೂ ಬಾರದು. ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೇ ದಿನ ನಾನು ಹೇನು ತೆಗೆಯಲು ಕೂರಿಸಿಕೊಂಡಾಗ ಕೇಳಿದಳು:

"ಯಕ್ಕಾ, ಯಾ ಊರಾಕಿ ನೀ?"

"ಇಂಡಿ ಕಡ್ಯಾಕಿ."

"ಸಾಬರಾಕಿ ಏನ?"

"ಹೌದವಾ. ತಲಿ ಅಲ್ಲಾಡಸಬ್ಯಾಡ. ಹೇನು ಸಾಬರಾಕಿ ಕೈಗೂ ಸಿಗ್ತಾವು."

ಅವಳ ಹೆಗಲು ಅಲುಗಿತು. ನಕ್ಕಳು ಎಂದುಕೊಂಡೆ, ಮುಖ ಕಾಣಲಿಲ್ಲ. ಅಂದಿನಿಂದ ನನ್ನ ಹಿಂದೆಯೇ ತಿರುಗುತ್ತಿದ್ದಳು.

ವಾರ್ಡಿನ ಮುಂದೆ ಕಬ್ಬಿಣದ ಜಾಲರಿಯ ವರಾಂಡ ಇತ್ತು. ಗಾಳಿಮಳೆ ಬಂದರೆ ನೀರು ಮಂಚದವರೆಗೂ ಎರಚುತ್ತಿತ್ತು. ಅದಕ್ಕೆ ಜಾಲರಿಯ ಮೇಲ್ಗಡೆ ನೀಲಿ ತಾಡಪತ್ರಿಯನ್ನು ಸುತ್ತಿ ಕಟ್ಟಿದ್ದೆವು. ಮಳೆ ಬಂದಾಗ ಹಗ್ಗ ಎಳೆದು ಇಳಿಬಿಡುವುದು, ಹೋದಾಗ ಸುತ್ತುವುದು. ಆ ಗಂಟೂ ನನ್ನದೇ. ನೀಲವ್ವ ಬಂದ ಮೇಲೆ ಮೊದಲ ಸಲ ತಾಡಪತ್ರಿ ಇಳಿಸಿದ ದಿನ, ಅದು ಗಾಳಿಗೆ ಪಟಪಟ ಬಡಿಯಲು ಶುರುವಾಗುತ್ತಲೇ ಅವಳು ಮಂಚದಿಂದ ಹಾರಿ ಬಂದಳು. ರುಕ್ಮವ್ವನ ಕೈಯ ಹಗ್ಗ ಕಸಿದುಕೊಂಡಳು. "ಹಗ್ಗ ಬಿಡಬ್ಯಾಡ್ರಿ, ಹಗ್ಗ ಬಿಡಬ್ಯಾಡ್ರಿ" ಎಂದು ಕೂಗು. ಬಿಡಿಸಲು ನಾಲ್ಕು ಜನ ಬೇಕಾಯಿತು, ನನ್ನ ರವಿಕೆ ಹರಿಯಿತು. ಇದೆಲ್ಲ ಆ ರೋಗದ ಆಟ ಎಂದಳು ರುಕ್ಮವ್ವ. ಸಿಸ್ಟರ್ ಆವತ್ತು ಕಾಲೇಜಿಗೆ ಹೋಗಿದ್ದರು, ಮೇಟ್ರನ್ ರಜೆ ಇದ್ದರು.

ಕತ್ತರಿ ಗುರುತು ಹಾಕಬೇಕಿತ್ತು. ಪೆನ್ನು ಹಿಡಿದೆ. ಕತ್ತರಿ ಹಾಕಿದರೆ ಮೇಟ್ರನ್ ಕಪಾಟಿನ ಕಡೆ ನೋಡುತ್ತಾರೆ, ಇವಳ ಕೈಗೆ ಪಟ್ಟಿ ಬರುತ್ತದೆ ಎನಿಸಿತು. ಸೊನ್ನೆ ಹಾಕಿದೆ.

ಎರಡು ದಿನ ಬಿಟ್ಟು ತಲೆ ಬಾಚುವಾಗ ಅವಳೇ ಹೇಳಿದಳು. ಆವತ್ತು ಮೇಲೆ ಸ್ಲ್ಯಾಬ್ ಹಾಕಿದ್ದರಂತೆ. ಹಸಿ ಸ್ಲ್ಯಾಬಿನ ಮೇಲೆ ಮಳೆ ಬಿದ್ದರೆ ಕೆಟ್ಟಿತು ಎಂದು ಗಂಡ ತಾಡಪತ್ರಿ ಹೊದಿಸಲು ಹತ್ತಿದ. "ಕೆಳಗಿನ ಹಗ್ಗ ನನ್ನ ಕೈಯಾಗಿತ್ತು ಯಕ್ಕಾ. ಗಾಳಿ ಎಬ್ಬಸ್ತು. ಅಂಗೈ ಉರೀತು, ಬಿಟ್ಟೆ. ತಾಡಪತ್ರಿ ಹಾರಿತು, ಅವರೂ ಅದರ ಕೂಡ ಹೋದ್ರು." ಅಂಗೈ ತೋರಿಸಿದಳು. ಉರಿದ ಗುರುತು ಇನ್ನೂ ಕೆಂಪಗಿತ್ತು.

ನಾನು ಬಾಚುತ್ತಲೇ ಇದ್ದೆ. ಇದನ್ನು ಆ ಉದ್ದನೆಯ ಮನೆಯಲ್ಲಿ ಬರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಇದು ಹೆಂಗಸರು ತಲೆ ಬಾಚುವಾಗ ಆಡುವ ಮಾತು, ಕಾಗದಕ್ಕೆ ಬೇಕಾದದ್ದು ಗುರುತು, ಎಂದುಕೊಂಡಿದ್ದೆ. ಮೂರನೇ ಇಯತ್ತೆಯವಳ ಬುದ್ಧಿ ಎನ್ನಬೇಡಿ. ಓದಿದವರೂ ಹೀಗೆ ಮಾಡುವುದನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ಆದರೆ ಕೆಲಸಕ್ಕೆ ಬೇಕಾದದ್ದನ್ನು ಮಾಡಿದೆ. ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಲೇ ನೀಲವ್ವನನ್ನು ಎಬ್ಬಿಸಿ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲು ಹಾಕಿ, ಒಂದು ಬುಟ್ಟಿ ಬೆಳ್ಳುಳ್ಳಿ ಮುಂದಿಡುತ್ತಿದ್ದೆ. ಪಕ್ಕದಲ್ಲಿ ರುಬ್ಬುವ ಯಂತ್ರದ ಸದ್ದು, ಬೇರೆ ಏನೂ ಕೇಳುತ್ತಿರಲಿಲ್ಲ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಾಡಪತ್ರಿ ಇಳಿದು, ಕೆಳಗಿನ ಸರಳಿಗೆ ಬಿಗಿದು ಸದ್ದು ನಿಂತ ಮೇಲೆ ಕರೆತರುತ್ತಿದ್ದೆ. ನಾಲ್ಕು ವಾರಕ್ಕೂ ಹೆಚ್ಚು ಹೀಗೆ ನಡೆಯಿತು. ರುಕ್ಮವ್ವನಿಗೆ ಕೂಡ ಹೇಳಲಿಲ್ಲ. ರೋಗಿಗಳ ಕೈಯಲ್ಲಿ ಅಡುಗೆಮನೆಯ ಕೆಲಸ ಮಾಡಿಸಬಾರದು ಎಂದು ಮೇಟ್ರನ್ ಕಟ್ಟಪ್ಪಣೆ ಮಾಡಿದ್ದರು.

ಒಂದು ದಿನ ಸಿಸ್ಟರ್ ಹಾಳೆಗಳನ್ನು ಮಗುಚುತ್ತ ಕೇಳಿದರು. "ಮಾವಶಿ, ಬ್ಯಾರೇ ಪೇಶಂಟರ ಹಾಳ್ಯಾಗ ಗೆರಿ ಅದಾವು, ಕತ್ತರಿ ಅದಾವು. ನಿಮ್ಮ ನೀಲವ್ವಂದು ಬರೇ ಸೊನ್ನಿ. ಏನ ಮಾಡತೀರಿ ನೀವು?"

ಕೇಳಿಯೇ ಬಿಟ್ಟಿದ್ದರು. ಹೇಳಬಹುದಿತ್ತು. ಬೆಳ್ಳುಳ್ಳಿಯ ಮಾತು ಹೇಳಿದರೆ ಮೇಟ್ರನ್ ಬಯ್ಯುತ್ತಾರೆ ಎಂಬ ಹೆದರಿಕೆ ಒಂದು. ಇನ್ನೊಂದು, ನನ್ನ ಕೈಗುಣ ಎಂದು ಅವರು ಅಂದುಕೊಳ್ಳಲಿ ಎಂಬ ಆಸೆ. ಎರಡನೆಯದೇ ದೊಡ್ಡದು.

"ಏನೂ ಇಲ್ರಿ," ಎಂದೆ. "ಮಾತಾಡಸ್ತೇನಿ, ಅಷ್ಟ."

ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಶ್ರಾವಣದಲ್ಲಿ ನಾಲ್ಕು ದಿನ ಬಿಸಿಲು ಬಿತ್ತು. ಚಾದರಗಳೆಲ್ಲ ಒಣಗಿದವು. ಐದನೇ ದಿನ ಮೂರು ಗಂಟೆಗೆ ಮೂರರದ್ದು, ಮೂರೂವರೆಯದ್ದು, ನಾಲ್ಕರದ್ದು, ಮೂರೂ ಸೊನ್ನೆ ಒಟ್ಟಿಗೆ ಬರೆದು ಹೊರಟೆ. ನಮಾಜಿಗೆ ಹೋಗಿದ್ದೆ ಎಂದು ಹೇಳಿದ್ದರೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಹೋದದ್ದು ಚಹಾಕ್ಕೆ, ಕೂತದ್ದು ಹರಟೆಗೆ. ಅಡುಗೆಯವಳ ಸೊಸೆಯ ಮೇಲಿನ ದೂರು ಮುಗಿಯುವ ಹಾಗಿರಲಿಲ್ಲ, ನನಗೂ ಕೇಳಲು ರುಚಿಯಿತ್ತು. ಗೋವೆಯ ಮಳೆ ಗುಡ್ಡದ ಹಿಂದಿನಿಂದ ಬರುತ್ತದೆ, ಬಂದ ಮೇಲೇ ಗೊತ್ತಾಗುವುದು. ಬಶಿಯಲ್ಲಿ ಚಹಾ ಸುರಿದುಕೊಂಡಿದ್ದೆ. ಆ ಕಡೆಯಿಂದ ಪಟಪಟ ಕೇಳಿಸಿತು. ರುಕ್ಮವ್ವ ಒಬ್ಬಳೇ ತಾಡಪತ್ರಿ ಇಳಿಸುತ್ತಿದ್ದಳು. ಮೊದಲ ಸಲದ್ದನ್ನು ರೋಗದ ಆಟ ಎಂದುಕೊಂಡವಳು, ಅವಳಿಗೇನು ಗೊತ್ತು.

ನಾನು ಓಡಿ ಮುಟ್ಟುವ ಹೊತ್ತಿಗೆ ಆಗಿಹೋಗಿತ್ತು. ಮೇಲಿನ ಹಗ್ಗ ಹಿಡಿಯಲು ನೀಲವ್ವ ಬೆಂಚು ಹತ್ತಿದ್ದಳು, ಬೆಂಚು ಒದ್ದೆ ನೆಲದ ಮೇಲೆ ಜಾರಿತ್ತು. ಎಡಗೈ ಮೈಯಡಿ ಸಿಕ್ಕಿ ಬಿದ್ದಿದ್ದಳು. ಬಲಗೈಯಲ್ಲಿ ಹಗ್ಗ ಹಾಗೆಯೇ ಇತ್ತು. ಅಳುತ್ತಿರಲಿಲ್ಲ.

"ಯಕ್ಕಾ," ಎಂದಳು, "ಈ ಸಲ ಬಿಡಲಿಲ್ಲ ನೋಡು."

ಹಗ್ಗವನ್ನು ಬೆರಳು ಬೆರಳಾಗಿ ಬಿಡಿಸಬೇಕಾಯಿತು.

ಫೋಂಡಾಕ್ಕೆ ಕರೆದೊಯ್ದು ಕೈಗೆ ಪ್ಲಾಸ್ಟರ್ ಹಾಕಿಸಿ ತರುವಾಗ ಆರು ದಾಟಿತ್ತು. ನನ್ನ ಪಾಳಿ ಮುಗಿದಿತ್ತು, ಮನೆಗೆ ಹೋಗಿರಲಿಲ್ಲ. ಮೇಟ್ರನ್ ನನ್ನನ್ನು ಕೋಣೆಗೆ ಕರೆದರು. ಸಿಸ್ಟರ್ ಅಲ್ಲಿ ನಿಂತಿದ್ದರು. ಮೇಜಿನ ಮೇಲೆ ನೀಲವ್ವನ ಹಾಳೆಗಳು. ಮೇಟ್ರನ್ ಗದರಲಿಲ್ಲ. ಗದರಿದ್ದರೆ ಚಲೋ ಇತ್ತು.

"ನೋಡು ಸುಪ್ರಿಯಾ," ಎಂದರು. "ನಾಲ್ಕು ಗಂಟೆಗೆ ಸುಮ್ಮನಿದ್ದಾಳೆ. ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಬೆಂಚು ಹತ್ತಿದ್ದಾಳೆ. ಬಂದಾಗಿನಿಂದ ಒಂದು ಗೆರೆ ಕೂಡ ಇಲ್ಲ. ಮೊದಲೇ ಗಲಾಟೆ ಮಾಡುವವಳಾದರೆ ಬಿಡಬಹುದು, ಕಣ್ಣಿಟ್ಟಿರಬಹುದು. ಸುಳಿವೇ ಕೊಡದೆ ಎದ್ದು ಓಡುವವಳನ್ನು ಹೇಗೆ ಬಿಡಲಿ? ನಾನು ಹೇಳುತ್ತಿಲ್ಲ, ನಿನ್ನ ಕಾಗದವೇ ಹೇಳುತ್ತಿದೆ."

ಸಿಸ್ಟರ್ ಕಾಗದ ನೋಡಿದರು. ನನ್ನ ಕಡೆ ತಿರುಗಿದರು. "ಮಾವಶಿ, ಖರೇನ ಏನೂ ಸುಳಿವು ಇರಲಿಲ್ಲೇನ್ರಿ?"

"ಇಲ್ರಿ," ಎಂದೆ.

ಇದು ಎರಡನೇ ಸಲ ಕೇಳಿದ್ದು.

ಮೇಟ್ರನ್ ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡರು. ಕಪಾಟು ತೆರೆದು ಒಂದು ಪಟ್ಟಿ ನನ್ನ ಕೈಗೆ ಕೊಟ್ಟರು. "ನಿನ್ನ ಕೈ ಮೆತ್ತಗೆ, ನೀನೇ ಕಟ್ಟು. ಬಲಗೈ ಒಂದೇ ಸಾಕು." ಅದು ನಾನೇ ಅಂಚು ಹೊಲಿದ ಪಟ್ಟಿ. ನೀಲವ್ವನ ಮಂಚಕ್ಕೆ ಹೋದೆ. ಮುರಿಯದ ಕೈ ಅದೊಂದೇ, ಅಂಗೈಯಲ್ಲಿ ಹಳೆಯ ಉರಿಯ ಗುರುತಿನ ಮೇಲೆ ಹೊಸ ಗುರುತು. ಕಟ್ಟಿದೆ. ಸಡಿಲವೂ ಅಲ್ಲ, ಬಿಗಿಯೂ ಅಲ್ಲ.

"ಯಕ್ಕಾ, ನೀನ ಏನ?" ಎಂದಳು. ಅಷ್ಟೇ.

ಬಸ್ ಸ್ಟಾಪಿನಲ್ಲಿ ರುಕ್ಮವ್ವ ಕಾದಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ನೋಡು ಖಾಸಿಂಬಿ, ನೀ ಏನರ ಬಾಯಿ ಬಿಟ್ಟಿ ಅಂದ್ರ ಎಲ್ಲಾರ ಹಾಳೀನೂ ತಗದು ನೋಡತಾರ. ನಿನಗ ವಯಸ್ಸಾತು, ಇವತ್ತ ಕೆಲಸ ಬಿಟ್ರೂ ನಡೀತೈತಿ. ನಾ ಇನ್ನೂ ಇಲ್ಲೇ ದುಡೀಬೇಕು."

"ನಾ ಬರದದ್ದು ನನ್ನ ಹಾಳಿ. ನಿಂದು ನಾ ಯಾಕ ಹೇಳಲಿ?"

"ಸೊನ್ನಿಗೆ ಹೆಸರು ಬರದಿರತೈತೇನ? ನಿನ್ನ ಸೊನ್ನಿ ಸುಳ್ಳಾದ್ರ ನಂದೂ ಸುಳ್ಳ ಆತು."

ಅವಳು ಹೇಳಿದ್ದು ಸರಿಯಿತ್ತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಮನೆಗೆ ಬಂದು ಉಂಡೆ. ಅಳು ಬರಲಿಲ್ಲ, ಹಸಿವೆ ಇತ್ತು. ಉಣ್ಣುತ್ತ ವಿಚಾರ ಮಾಡಿದೆ. ಹೇಳಿದರೆ ಆ ಹುಡುಗಿಯ ಓದು ಕೆಡುತ್ತದೆ. ಕಟ್ಟದೆಯೂ ಸಂಭಾಳಿಸಬಹುದು ಎಂದು ತೋರಿಸಲು ಬಂದವಳು ಸುಳ್ಳು ಲೆಕ್ಕ ಹಿಡಿದು ನಿಂತ ಹಾಗಾಗುತ್ತದೆ. ಮೇಟ್ರನ್ನಿನ ಮಾತೇ ಮೇಲಾಗುತ್ತದೆ. ಹೇಳದಿದ್ದರೆ ನೀಲವ್ವ ಸುಳಿವು ಕೊಡದೆ ಓಡುವವಳು ಎಂದಾಗಿ, ಅವಳು ಆ ಆಸ್ಪತ್ರೆಯಲ್ಲಿ ಇರುವವರೆಗೂ ಮಳೆ ಬಂದಾಗಲೆಲ್ಲ ಪಟ್ಟಿ ಹೊರಗೆ ಬರುತ್ತದೆ. ಅವಳನ್ನು ಕಟ್ಟಬಾರದು ಎಂದು ಬರೆದ ಸೊನ್ನೆಗಳೇ ಅವಳನ್ನು ಕಟ್ಟಿದ್ದವು. ಅವಳು ಸುಳಿವು ಕೊಟ್ಟಿದ್ದಳು. ಬಾಯಿಬಿಟ್ಟು ಹೇಳಿದ್ದಳು. ಕೇಳಿದವಳು ನಾನೊಬ್ಬಳೇ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮಳೆ ಹಿಡಿದೇ ಇತ್ತು. ವರಾಂಡದ ತಾಡಪತ್ರಿ ನಿನ್ನೆಯಿಂದ ಇಳಿದೇ ಇತ್ತು, ಗಾಳಿಗೆ ಉಬ್ಬುತ್ತಿತ್ತು. ಅದೇ ಬೆಂಚು ಹತ್ತಿ ಮೇಲಿನ ಗಂಟು ಬಿಚ್ಚಿದೆ, ಇಳಿದು ಕೆಳಗಿನವನ್ನು ಬಿಚ್ಚಿದೆ. ನನ್ನ ಗಂಟು, ಬಿಚ್ಚಲು ಹೊತ್ತು ಬೇಕಾಗಲಿಲ್ಲ. ಮಡಚಿ ಹೆಗಲ ಮೇಲೆ ಹಾಕಿಕೊಂಡು ಸಿಸ್ಟರ ಕೋಣೆಗೆ ಹೋದೆ. ಅವರು ಬೇಗ ಬಂದು ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ತಾಡಪತ್ರಿಯನ್ನು ಅವರ ಕಾಲ ಬಳಿ ಹಾಕಿದೆ. ನೀರು ಹರಿಯಿತು.

"ಇದು ಸುಳಿವು," ಎಂದೆ.

ಎಲ್ಲ ಹೇಳಿದೆ. ಸ್ಲ್ಯಾಬ್, ಹಗ್ಗ, ಉಗ್ರಾಣ, ಬೆಳ್ಳುಳ್ಳಿ, ಚಹಾ. ಮುಂಚೆಯೇ ಬರೆದ ಸೊನ್ನೆ, ಆಮೇಲೆ ಬರೆದ ಸೊನ್ನೆ. ಮುಗಿದ ಮೇಲೆ ಸಿಸ್ಟರ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಹರಡಿದರು.

"ನಾ ಕೇಳಿದ್ನಲ್ಲಾ ಮಾವಶಿ. ಏನ ಮಾಡತೀರಿ ಅಂತ ಕೇಳಿದ್ನಲ್ಲಾ."

"ಕೇಳಿದ್ರಿ."

"ನಿನ್ನೆ ಮತ್ತ ಕೇಳಿದೆ."

"ಹೌದ್ರಿ."

"ನನಗ ನಿಮ್ಮ ಬೆಳ್ಳುಳ್ಳಿ ಬೇಕಿತ್ರಿ," ಎಂದರು. ಹಾಳೆಗಳ ಮೇಲೆ ಅಂಗೈ ಬಡಿದರು. "ಅದಕ್ಕಂತನ ಬಂದಾಕಿ ನಾ. ನಿಮ್ಮ ಸೊನ್ನಿ ತಗೊಂಡು ನಾ ಏನ ಮಾಡಲಿ?"

ಅಷ್ಟರಲ್ಲಿ ಮೇಟ್ರನ್ ಬಾಗಿಲಿಗೆ ಬಂದರು. ವರಾಂಡದಲ್ಲಿ ನೀರು ನಿಂತಿದೆ, ತಾಡಪತ್ರಿ ಬಿಚ್ಚಿದವರು ಯಾರು ಎಂದು ಕೇಳಿದರು. ನಾನು ಎಂದೆ. ಯಾಕೆ ಎಂಬುದನ್ನು ಸಿಸ್ಟರ್ ಕೊಂಕಣಿಯಲ್ಲಿ ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಮೇಟ್ರನ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ನೆ ಇಲ್ಲ ಎಂದಳು, ಇವತ್ತು ಇದೆ ಎನ್ನುತ್ತಾಳೆ. ಇವಳನ್ನು ಹೇಗೆ ನಂಬಲಿ?"

"ನಂಬಬ್ಯಾಡ್ರಿ," ಎಂದೆ. "ಹೊರಗ ಮಳಿ ಸುರ್ಯಾಕತ್ತೈತಿ. ತಾಡಪತ್ರಿ ಇಲ್ಲೈತಿ. ನೀವ ಹೋಗಿ ನೋಡ್ರಿ."

ಅವರು ನೆಲದ ಮೇಲಿನ ತಾಡಪತ್ರಿಯ ಕಡೆ ತಿರುಗಿದರು. "ನೋಡುತ್ತೇನೆ," ಎಂದರು. "ಕೈ ಕಟ್ಟಿಯೇ ಇರಲಿ. ನಿನ್ನ ಕೆಲಸದ ವಿಚಾರ ಹತ್ತು ಗಂಟೆಗೆ." ಹೊರಟುಹೋದರು.

ಸಿಸ್ಟರ್ ನನ್ನ ಮುಂದೆ ಹಾಳೆಗಳನ್ನು ತಳ್ಳಿ ಪೆನ್ನು ಕೊಟ್ಟರು. ನಾನು ಮೊದಲ ಸುಳ್ಳು ಸೊನ್ನೆಯನ್ನು ಗೀಚಿ ಕಪ್ಪು ಮಾಡಲು ಹೋದೆ. ಕೈ ಹಿಡಿದರು. "ಗೀಚಬ್ಯಾಡ್ರಿ. ಬರದದ್ದು ಕಾಣಬೇಕು. ಅದರ ಮ್ಯಾಲ ಒಂದ ಗೆರಿ ಎಳೀರಿ, ಮಗ್ಗಲಕ್ಕ ಚುಕ್ಕಿ ಇಡ್ರಿ. ಚುಕ್ಕಿ ಅಂದ್ರ ನೋಡಿಲ್ಲ. ಕೆಳಗ ನಿಮ್ಮ ಸಹಿ ಮಾಡ್ರಿ."

ಕೂತು ಎಳೆದೆ. ಗೆರೆ, ಚುಕ್ಕಿ, ಗೆರೆ, ಚುಕ್ಕಿ. ನೋಡಿದ ನೆನಪಿದ್ದವನ್ನು ಬಿಟ್ಟೆ, ನೆನಪಿಲ್ಲದವಕ್ಕೆ ಚುಕ್ಕಿ ಇಟ್ಟೆ, ರವಿಕೆ ಹರಿದ ದಿನದ್ದಕ್ಕೆ ಮಾತ್ರ ಕತ್ತರಿ ಹಾಕಿದೆ. ಸೊನ್ನೆ ಬರೆದಷ್ಟು ಸಲೀಸಾಗಿ ಚುಕ್ಕಿ ಬರಲಿಲ್ಲ. ಹಾಳೆಯ ಮೇಲೆ ಬೆವರಿನ ಕೈಯ ಗುರುತು ಮೂಡಿತು. ಸಿಸ್ಟರ್ ಎದುರಿಗೆ ಕೂತು ಕಿಟಕಿಯ ಕಡೆ ನೋಡುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಅರ್ಧ ಹಾಳೆಗಳೂ ಮುಗಿದಿರಲಿಲ್ಲ, ಗೋಡೆಯ ಗಡಿಯಾರದಲ್ಲಿ ಎಂಟಾಯಿತು. ನನ್ನ ಪಾಳಿಯ ಮೊದಲ ಮನೆ.

ಎದ್ದು ವಾರ್ಡಿಗೆ ಹೋದೆ. ವರಾಂಡದಿಂದ ಎರಚಲು ಒಳಗೆ ಬರುತ್ತಿತ್ತು. ರುಕ್ಮವ್ವ ನೀರು ತಳ್ಳುತ್ತಿದ್ದಳು, ನನ್ನ ಕಾಲ ಮೇಲೆಯೇ ತಳ್ಳಿದಳು. ಜಾಲರಿಯ ಬಳಿ ಮೇಟ್ರನ್ ಕೈಕಟ್ಟಿ ನಿಂತಿದ್ದರು, ಸೀರೆಯ ಅಂಚು ಒದ್ದೆಯಾಗಿತ್ತು. ನೀಲವ್ವ ಎಚ್ಚರವಾಗಿದ್ದಳು. ಬರಿಯ ಜಾಲರಿಯ ಆಚೆ ಬೀಳುವ ಮಳೆಯನ್ನು ನೋಡುತ್ತಿದ್ದಳು. ಏಳಲಿಲ್ಲ, ಕೂಗಲಿಲ್ಲ. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದಳು. ಹತ್ತಿರ ಹೋಗಿ ಪೂರಾ ನೋಡಿದೆ, ಪ್ಲಾಸ್ಟರಿನ ಕೈ, ಪಟ್ಟಿಯ ಕೈ, ಎರಡನ್ನೂ.

ಹೊಸ ಹಾಳೆ ತೆಗೆದುಕೊಂಡೆ. ಸುಮ್ಮನಿದ್ದುದಕ್ಕೆ ಸೊನ್ನೆ ಹಾಕಿದೆ, ಕಟ್ಟಿದ್ದಕ್ಕೆ ತ್ರಿಕೋನ ಹಾಕಿದೆ. ಕೊನೆಯ ಉದ್ದನೆಯ ಮನೆಯಲ್ಲಿ, ಮೂರನೇ ಇಯತ್ತೆಯ ಅಕ್ಷರದಲ್ಲಿ, ಮೊದಲ ಸಲ ಬರೆದೆ: ಮಳಿ ಐತಿ. ತಾಡಪತ್ರಿ ಇಲ್ಲ.